ಅಟ್ಟದ ಮೇಲೆ ಮುಖ ತಿರುಗಿಸಿ ಕೂತದ್ದು

ಕಳೆದ ತಿಂಗಳು ಹೊನ್ನವಳ್ಳಿಯಲ್ಲಿ ಗಂಭೀರ ಪ್ರಕರಣವೊಂದು ನಡೆಯಿತು. ನಾನು ಕೆಲಸಕ್ಕಿರುವ ಸಗಟು ಮಂಡಿಯ ಪರವಾಗಿ ಕೊಬ್ಬರಿ ನೋಡಲು ಹೋಗಿದ್ದವನು, ಮನೆಯೊಡತಿ ಗಂಗಮ್ಮನವರ ಮುಖ ನೋಡದೆ ಮಾತಾಡಿದೆ.

ಇದು ನನ್ನ ಹಳೆಯ ಅಪರಾಧ. ನನಗೆ ಆಟಿಸಂ ಇದೆಯೆಂದು ನಲವತ್ತೆರಡನೇ ವಯಸ್ಸಿನಲ್ಲಿ ತಿಳಿದಾಗ ಅದಕ್ಕೊಂದು ಕಾರಣ ಸಿಕ್ಕಿತು. ಜೊತೆಗೆ ಲೋಕ ಎರಡು ರಾಶಿಯಾಯಿತು: ಒಂದರಲ್ಲಿ ನಾನು, ಇನ್ನೊಂದರಲ್ಲಿ ಉಳಿದವರೆಲ್ಲ. ಅವರ ಮನೆಗಳಿಗೆ ಹೋಗುವ ಈ ಕೆಲಸವೇ ಬೇಡವೆಂದು, ಹೊನ್ನವಳ್ಳಿಯಿಂದ ಬಂದಮೇಲೆ ಸೋಮವಾರ ಮಂಡಿಯ ಸಾಹುಕಾರರಿಗೆ ಹೇಳಿಬಿಡುವವನಿದ್ದೆ.

ಗಂಗಮ್ಮ ಅಟ್ಟದ ಮೇಲೆ ಕೂತು ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಕಾಯಿ ಸುಲಿಯಲು ತಯಾರು. ನಾನು ಗೋಡೆ ನೋಡುತ್ತ, "ತಪ್ಪು ತಿಳಿಯಬೇಡಿ ಅಮ್ಮ. ಮುಖ ನೋಡ್ತಾ ಇದ್ರೆ ನನಗೆ ಮಾತು ಕೇಳಿಸಲ್ಲ. ಆಟಿಸಂ ಅಂತಾರೆ" ಎಂದೆ.

ಅವರೂ ಗೋಡೆಯ ಕಡೆಗೇ ತಿರುಗಿದ್ದರು.

"ಯಾರಾರ ಎದುರಿಗೆ ಕೂತ್ರೆ ನಂಗೂ ಕಾಯಿ ಸದ್ದು ಕೇಳಕ್ಕಿಲ್ಲ ಕಣಪ್ಪ. ನಮ್ಮ ಯಜಮಾನ್ರನ್ನೇ ಕೆಳಗೆ ಕಳ್ಸಿವ್ನಿ. ನಿಂದಕ್ಕೆ ಮಾತ್ರೆ ಏನಾರ ಐತಾ?"

ಇಲ್ಲವೆಂದೆ.

"ಇಲ್ದಿದ್ರೆ ಬುಡು. ಆ ಕಡೆ ತಿರುಗಿ ಕೂತ್ಕಂಡು ನೀನೂ ನಾಕು ಕಾಯಿ ಅಲ್ಲಾಡ್ಸು."

ಮಧ್ಯಾಹ್ನದವರೆಗೂ ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಕೂತು ಕಾಯಿಗಳ ಮಾತು ಕೇಳಿದೆವು. ಯಾರ ಜೊತೆಗೂ ನಾನು ಅಷ್ಟು ಹೊತ್ತು ಆರಾಮಾಗಿ ಕೂತದ್ದಿಲ್ಲ.

ಗಂಗಮ್ಮನವರಿಗೆ ಆಟಿಸಂ ಇಲ್ಲ. ಕೆಳಗಿಳಿದ ಕೂಡಲೇ ನನ್ನ ಕಣ್ಣನ್ನೇ ನೋಡುತ್ತ ಇಡೀ ಬೀದಿಯ ಸುದ್ದಿ ಹೇಳಿದರು. ನಾನು ಅವರ ಕಾಫಿ ಲೋಟ ನೋಡುತ್ತ ಪೂರ್ತಿ ಕೇಳಿಸಿಕೊಂಡೆ.

ಸೋಮವಾರ ದಬ್ಬೇಘಟ್ಟಕ್ಕೆ ಹೋಗಿ ಮೂರು ಮನೆಯ ಕಾಯಿ ನೋಡಿಬಂದೆ.