ವಾಕರ್ ಹಿಡಿಯುವಷ್ಟು ದಾರಿ

ಸಾಂಗ್ಲಿವಾಡಿಯಲ್ಲಿ ನಾವು ಮಾವಶಿ ಎಂದು ಕರೆಯುವ ಪಕ್ಕದ ಮನೆಯ ಹಿರಿಯಾಕೆ, ಮೊಣಕಾಲಿನ ಆಪರೇಶನ್ನಿಗೆ ಮಿರಜಕ್ಕೆ ಹೋಗುವ ಮುನ್ನ ಹಿತ್ತಲಲ್ಲಿ ಮೆಂತ್ಯದ ಮಡಿಗಳನ್ನು ಮಾಡಿದರು. ನೆಲಕ್ಕೆ ಕೂರಲಾಗದೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು, ಅದನ್ನೇ ಸರಿಸಿಕೊಳ್ಳುತ್ತ ಮಣ್ಣು ಕೆದರಿದರು. ಆಪರೇಶನ್ ಆದ ಮೇಲೆ ಬೇಕಾಗುತ್ತದೆಂದು ತಂದಿದ್ದ ಹೊಸ ವಾಕರನ್ನು ಮಡಿಗಳ ನಡುವೆ ಇಟ್ಟು ದಾರಿಯ ಅಗಲ ಅಳೆದರು. ನಾನು ಬೇಡವೆಂದರೆ ಅವರದು ಒಂದೇ ಮಾತು: “ನಡೀಬೇಕಂದ್ರ ಎಲ್ಲಿಗ್ಯಾದ್ರೂ ಹೋಗೂದು ಇರಬೇಕವಾ.”

ಅವರು ಮರಳುವಷ್ಟರಲ್ಲಿ ಮಗ ಮೆಂತ್ಯದ ಮಡಿಗಳನ್ನೂ ಮುಚ್ಚಿ ಇಡೀ ಹಿತ್ತಲಿಗೆ ಫರಸಿಕಲ್ಲು ಹಾಸಿಸಿದ್ದ. “ಆಯಿ, ಇನ್ನ ಕಾಲು ಜಾರೂದಿಲ್ಲ, ಆರಾಮ ನಡಿ” ಎಂದ. ನೋಡಲು ಬಂದವರೆಲ್ಲ ಅವನನ್ನು ಹೊಗಳಿದರು. ನಾನೂ ಹೊಗಳಿದೆ.

ಹೊಲಿಗೆ ಬಿಚ್ಚಿದ ಮೇಲೂ ಮಾವಶಿ ಮಂಚ ಬಿಟ್ಟೇಳಲಿಲ್ಲ. “ಏಳ್ರಿ ಮಾವಶಿ, ನಾಕ ಹೆಜ್ಜಿ ನಡೀರಿ” ಎಂದು ನಾನು ವಾಕರ್ ಮುಂದಿಟ್ಟೆ.

“ಎಲ್ಲಿಗವಾ?” ಎಂದರು.