ಹಿಂದಿನ ಸ್ವಿಚ್ಚಿನ ಮೇಲಿನ ಕುಂಕುಮ

ನಾನು ಹುಟ್ಟಾ ಅನುಮಾನದವಳು. ತರಕಾರಿ ಭಯ್ಯಾ ತಕ್ಕಡಿ ಎತ್ತಿದರೆ ತರಕಾರಿ ಬಿಟ್ಟು ಅವನ ಕಿರುಬೆರಳು ನೋಡುತ್ತೇನೆ. ಹಾಗಾಗಿ ಆ ವಿಜಯದಶಮಿಯ ಮಧ್ಯಾಹ್ನ, ದಿಲ್ಲಿಯ ಮುನಿರ್ಕಾದಲ್ಲಿ ಗೆಳತಿಯ ರೂಮಿನಲ್ಲಿ ಎರಡು ದಿನ ಉಳಿದು ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿಗೆ ಬಂದು ಕಂಪ್ಯೂಟರಿನ ಗುಂಡಿ ಒತ್ತಿದಾಗ, ಅದು ಕಮಕ್ ಕಿಮಕ್ ಅನ್ನದೆ ಕೂತಾಗ, ಅದಕ್ಕೇನಾಯಿತು ಅಂತ ನನಗೆ ಹೊಳೆಯಲೇ ಇಲ್ಲ. ಯಾರು ಮಾಡಿದರು ಅಂತಲೇ ಹೊಳೆದದ್ದು.

ಅದು ನಾನೇ ಜೋಡಿಸಿದ್ದು. ನೆಹರೂ ಪ್ಲೇಸಿನಲ್ಲಿ ಅಂಗಡಿ ಅಂಗಡಿ ಅಲೆದು ಒಂದೊಂದೇ ಭಾಗ ತಂದು, ನೆಲದ ಮೇಲೆ ಹರವಿಕೊಂಡು ಎಬ್ಬಿಸಿ ನಿಲ್ಲಿಸಿದ್ದೆ. ಆಗ ಅಪ್ಪ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದರು. ಯಾವ ಭಾಗ ಏನು ಮಾಡುತ್ತದೆ ಅಂತ ನಾನು ಉಬ್ಬಿ ಉಬ್ಬಿ ಹೇಳುತ್ತಿದ್ದರೆ ಪೇಪರಿನ ಹಿಂದಿನಿಂದ ಒಂದು "ಹ್ಞೂಂ" ಕೂಡ ಬಂದಿರಲಿಲ್ಲ.

ನೋಯ್ಡಾದ ಒಂದು ಕಂಪನಿ ವೆಬ್‌ಸೈಟ್ ಮಾಡುವ ಕೆಲಸಕ್ಕೆ ನನ್ನನ್ನು ಕರೆದಿತ್ತು. ಮಾದರಿ ಪುಟಗಳನ್ನು ಸಿಡಿಯಲ್ಲಿ ಹಾಕಿಕೊಂಡು ಮರುದಿನ ಬೆಳಿಗ್ಗೆ ಹೋಗಬೇಕು. ಪುಟಗಳೆಲ್ಲ ಸಿದ್ಧವಿದ್ದವು, ಆದರೆ ಆ ಡಬ್ಬದ ಹೊಟ್ಟೆಯೊಳಗೆ ಮಾತ್ರ. ಸಿಡಿ ಇಲ್ಲದಿದ್ದರೆ ಕೆಲಸವೂ ಇಲ್ಲ. ಅಪ್ಪನಿಗೆ ಬೇಕಾದದ್ದೂ ಅದೇ ಅಂತ ನನ್ನ ಗುಮಾನಿ. ಕೇಂದ್ರ ಸರ್ಕಾರದ ಕಚೇರಿಗೆ ಟೈಪಿಸ್ಟಾಗಿ ಸೇರಿದ್ದ ಅವರಿಗೆ ಪೆನ್ಷನ್ ಇಲ್ಲದ್ದು ಕೆಲಸವೇ ಅಲ್ಲ. "ದಿನಾ ಯಮುನೆ ದಾಟಿ ಹೋಗಿ ಬರೋದೇನಮ್ಮ? ಸುಮ್ನೆ ಸರ್ಕಾರಿ ಪರೀಕ್ಷೆ ಕಟ್ಟು" ಎಂದು ವಾರವಿಡೀ ಕೊರೆದಿದ್ದರು.

"ಯಾರು ಕೆಡ್ಸಿದ್ದು ಇದನ್ನ?" ಅಂತ ಕೂಗಿದೆ.

"ಹಬ್ಬದ ದಿನ ಏನೇ ನಿನ್ನ ಗಲಾಟೆ?" ಅಂದಳು ಅಮ್ಮ ಅಡುಗೆಮನೆಯಿಂದ.

"ಯಾರೂ ಕೆಡಿಸಿಲ್ಲ" ಅಂದರು ಅಪ್ಪ. ತಲೆ ಎತ್ತಲಿಲ್ಲ. ಆ ತಲೆ ಎತ್ತದಿದ್ದದ್ದು ನನಗೆ ಸರಿಕಾಣಲಿಲ್ಲ.

ಡಬ್ಬದ ಹಣೆಗೆ ಕುಂಕುಮವೇನೋ ಇತ್ತು. ಹಿಂದಿನ ದಿನ ಆಯುಧಪೂಜೆ. ಮಿಕ್ಸಿಗೂ ಇತ್ತು, ಈಳಿಗೆಮಣೆಗೂ ಇತ್ತು, ಕೆಳಗೆ ನಿಂತ ಸ್ಕೂಟರಿಗೂ ಇತ್ತು. ಅಮ್ಮ ಕೈಗೆ ಸಿಕ್ಕಿದ್ದಕ್ಕೆಲ್ಲ ಹಚ್ಚಿದ್ದಾಳೆ ಅಂದುಕೊಂಡು ಬಿಟ್ಟೆ.

ಮೊದಲು ಗೋಡೆಯ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಚುಚ್ಚಿದೆ, ಉರಿಯಿತು. ಗೋಡೆಗೆ ಒತ್ತಿ ನಿಂತ ಡಬ್ಬದ ಹಿಂದೆ ಕೈ ತೂರಿಸಿ, ತಡಕಾಡಿ, ಮಾನಿಟರಿನ ವೈರನ್ನು ಇದಕ್ಕೆ ಸಿಕ್ಕಿಸಿದೆ, ಉಹೂಂ. ದಿಲ್ಲಿಯ ಸೆಕೆಗೆಂದು ಪಕ್ಕದ ತಗಡನ್ನು ನಾನು ಹಾಕುತ್ತಲೇ ಇರಲಿಲ್ಲವಾದ್ದರಿಂದ ಒಳಗೆ ಕೈಹಾಕುವುದು ಸುಲಭ. ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಗುಂಡಿಯೇ ಕೆಟ್ಟಿರಬಹುದೆಂದು ಒಳಗೆ ಅದರ ವೈರು ಸೇರುವ ಎರಡು ಕಡ್ಡಿಗಳಿಗೆ ಸ್ಕ್ರೂಡ್ರೈವರ್ ತಾಗಿಸಿದೆ. ಫ್ಯಾನು ಅಲುಗಲಿಲ್ಲ.

ಹಾಗಾದರೆ ಕೆಟ್ಟಿದ್ದು ಒಳಗೆಲ್ಲ ಕರೆಂಟ್ ಹಂಚುವ ಪವರ್ ಸಪ್ಲೈ. ಅದನ್ನು ಮಾರಿದ ನೆಹರೂ ಪ್ಲೇಸಿನ ಅಂಗಡಿಯವನ ಹಲ್ಲುಗಿಂಜಿದ ಮುಖ ಕಣ್ಣಿಗೆ ಕಟ್ಟಿತು. "ಚಲೇಗಾ ನಹೀ ಮೇಡಂ, ದೌಡೇಗಾ!" ಅಂದಿದ್ದ, ನಡೆಯೋದಲ್ಲ, ಓಡುತ್ತೆ ಅಂತ. ಹಳೇ ಮಾಲಿಗೆ ಹೊಸ ಸ್ಟಿಕರ್ ಅಂಟಿಸಿ ಟೋಪಿ ಹಾಕಿದನಲ್ಲ ಅಂತ ಮೈ ಉರಿಯಿತು. ದಸರೆಗೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ನೋಯ್ಡಾ ಕೈತಪ್ಪಿತು ಅಂತ ಅಳುವೇ ಬಂತು.

ಆದರೂ ಬಿಚ್ಚಿ ನೋಡೋಣ ಅಂತ ಹಿಂಬದಿಯ ಸ್ಕ್ರೂಗಳಿಗಾಗಿ ಡಬ್ಬವನ್ನು ಎಳೆದು ತಿರುಗಿಸಿದೆ. ಅಲ್ಲಿ, ವೈರಿನ ಪಕ್ಕದ ಪುಟ್ಟ ಸ್ವಿಚ್ಚಿನಲ್ಲಿ, ಸೊನ್ನೆ ಬರೆದ ಕಡೆ ಒಳಗೆ ಹೋಗಿತ್ತು. ಆ ಸೊನ್ನೆಯ ಮೇಲೆ ಅಗಲವಾಗಿ ಕುಂಕುಮ. ಅಮ್ಮ ಕುಂಕುಮ ಇಡುವುದು ಉಂಗುರದ ಬೆರಳಲ್ಲಿ. ಇದು ಹೆಬ್ಬೆಟ್ಟು, ಅಮ್ಮನದಲ್ಲದಿದ್ದರೆ ಅಪ್ಪನದೇ. ಕಳ್ಳ ಸಿಕ್ಕಿಬಿದ್ದ.

"ಇದನ್ನ ಆರಿಸಿದ್ದು ನೀವಾ?"

"ಹೌದು."

"ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ?"

"ಕೆಡ್ಸಿದ್ಯಾರು ಅಂತ ಕೇಳ್ದೆ. ನಾನು ಕೆಡಿಸಿಲ್ವಲ್ಲ! ಪೂಜೆಯಾದ ಆಯುಧ ಆವತ್ತು ಕೆಲಸ ಮಾಡ್ಬಾರ್ದು, ಅದಕ್ಕೆ ಆರಿಸ್ದೆ. ನೀನು ಬಿಚ್ಚಿಕೊಂಡು ಕೂತೆ, ಅದು ಯಾವಾಗ್ಲೂ ಇದ್ದಿದ್ದೇ ಅಂದ್ಕೊಂಡೆ."

"ಮುಂದೆ ಗುಂಡಿ ಇರುವಾಗ ಹಿಂದಿಂದಕ್ಕೆ ಯಾಕೆ ಹೋದ್ರಿ?" ನಾನು ಬಿಡುವವಳಲ್ಲ.

"ಮುಂದಿಂದು ಆರಿಸಿದ್ರೂ ಒಳಗೆ ಒಂಚೂರು ಕರೆಂಟ್ ಇರುತ್ತೆ, ಪೂರ್ತಿ ನಿಲ್ಲಬೇಕಾದ್ರೆ ಹಿಂದಿಂದು ಅಂತ ನೀನೇ ಹೇಳಿದ್ಯಲ್ಲಮ್ಮ, ಜೋಡಿಸೋವಾಗ."

ಪೇಪರಿನ ಹಿಂದಿನಿಂದ ಎಲ್ಲ ಕೇಳಿಸಿಕೊಂಡಿದ್ದಾರೆ! ಆದರೂ, "ಇವತ್ತು ಬೆಳಿಗ್ಗೆ ಮಂಗಳಾರತಿ ಆದ್ಮೇಲಾದ್ರೂ ಹಾಕ್ಬಹುದಿತ್ತಲ್ಲ?" ಅಂದೆ.

ಅಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. "ಮಿಕ್ಸಿ ನಾನು ಹಾಕ್ದೆ, ಸ್ಕೂಟರ್ ಅವರು ಸ್ಟಾರ್ಟ್ ಮಾಡಿದ್ರು. ಇದನ್ನ ಮಾತ್ರ ಯಾರೂ ಮುಟ್ಟಬೇಡಿ, ಅವಳ ಆಯುಧ, ಅವಳೇ ಶುರು ಮಾಡ್ಲಿ ಅಂದ್ರು."

ಅಷ್ಟು ವರ್ಷ ಆ ಪೂಜೆಯ ಸಾಲಿನಲ್ಲಿ ನನ್ನದು ಅಂತ ಒಂದು ವಸ್ತುವೂ ಇರಲಿಲ್ಲ. ಮೊದಲ ಸಲ ಒಂದು ಕೂತಿತ್ತು, ಅದನ್ನು ಕೂರಿಸಿದವರು ಅಪ್ಪ. ಕುಂಕುಮ ಅಳಿಸದ ಹಾಗೆ ಸ್ವಿಚ್ಚಿನ ಇನ್ನೊಂದು ತುದಿ, ಗೀಟು ಬರೆದ ಕಡೆ, ಒತ್ತಿ, ಮುಂದೆ ಬಂದು ಗುಂಡಿ ಒತ್ತಿದೆ. ಫ್ಯಾನು ಗುರ್ರೆಂದಿತು.

ಅಪ್ಪ ಪೇಪರ್ ಮಡಿಸಿದರು. "ನಾಳೆ ಸ್ಕೂಟರಲ್ಲಿ ನಾನೇ ಬಿಡ್ತೀನಿ."

"ಅಷ್ಟು ದೂರ ನೀವು ಯಾಕೆ?" ಅಂದೆ.

"ಆ ಕಂಪನಿ ಎಂಥದೋ ಏನೋ, ಒಂದ್ಸಲ ಕಣ್ಣಾರೆ ನೋಡ್ಬೇಕು. ಈ ಊರಲ್ಲಿ ಯಾರನ್ನೂ ನಂಬೋ ಹಾಗಿಲ್ಲ" ಅಂದರು.