ಮೋಹಿನಿಯಕ್ಕನ ಕೊಸರು

ಶಿರಿಯದ ಮೋಹಿನಿಯಕ್ಕ ಮೂವತ್ತನಾಲ್ಕು ವರ್ಷ ಕುಂಬಳೆ ಪೇಟೆಯಲ್ಲಿ ಮೀನು ಮಾರಿದವರು. ತಕ್ಕಡಿ ಇಟ್ಟುಕೊಳ್ಳುವುದು ಗಿರಾಕಿಗಳ ಸಮಾಧಾನಕ್ಕೆ. ಬಂಗುಡೆ ಎತ್ತಿದರೆ ಸಾಕು, ತೂಕ ಎಷ್ಟೆಂದು ಅವರ ಕೈಯೇ ಹೇಳುತ್ತದೆ. ತೂಗಿ ಚೀಲಕ್ಕೆ ಹಾಕಿದ ಮೇಲೆ ಕೊಸರೆಂದು ಇನ್ನೊಂದು ಮೀನು ಎಸೆಯದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಇಂಥ ಹೆಂಗಸಿನ ಬಲಸೊಂಟದ ಕೀಲು ಸವೆದು, ಮಂಗಳೂರಿನಲ್ಲಿ ಆಪರೇಶನ್ ಆಗಿ, ಹೊಸ ಕೀಲು ಬಂದು ಕೂತಿತು.

ಮನೆಗೆ ಬಂದು ನಡಿಗೆ ಕಲಿಸುವ ಫಿಸಿಯೋಥೆರಪಿಸ್ಟ್ ವಿಜೇತ್ ಮೊದಲ ದಿನವೇ ನೆಲದ ಮೇಲೆ ತೂಕದ ಯಂತ್ರ ಇಟ್ಟ.

"ವಾಕರ್ ಹಿಡಿದು ಬಲಗಾಲು ಇದರ ಮೇಲೆ ಊರಿ. ಆರು ವಾರ ಇಪ್ಪತ್ತು ಕಿಲೋ ಮಾತ್ರ. ಅದಕ್ಕಿಂತ ಹೆಚ್ಚು ಬೇಡ."

"ಅದಕ್ಕೆ ಯಂತ್ರ ಎಂತಕ್ಕೆ ಮಾರಾಯ?" ಎಂದ ಮೋಹಿನಿಯಕ್ಕ ಗೋಡೆ ನೋಡುತ್ತಲೇ ಕಾಲೂರಿದರು. ಮುಳ್ಳು ಇಪ್ಪತ್ತೊಂದಕ್ಕೆ ನಿಂತಿತು. ಮತ್ತೆ ಊರಿದರೂ ಇಪ್ಪತ್ತೊಂದು. ಹತ್ತು ಸಲ ಊರಿದರೂ ಇಪ್ಪತ್ತೊಂದೇ. ವಿಜೇತ್ ತಲೆ ಕೆರೆದುಕೊಂಡ.

"ಅದು ಕೊಸರು," ಎಂದು ಸೊಸೆ ನಮಿತಾ ಅಡುಗೆಮನೆ ಬಾಗಿಲಲ್ಲಿ ನಿಂತು ನಕ್ಕಳು. "ಅತ್ತೆಗೆ ಅಷ್ಟಕ್ಕಷ್ಟೇ ಕೊಟ್ಟು ಅಭ್ಯಾಸ ಇಲ್ಲ."

"ಕಾಲಿಗೆಲ್ಲ ಕೊಸರು ಕೊಡ್ಲಿಕ್ಕಿಲ್ಲ. ಹತ್ತೊಂಬತ್ತು ಅಂತ ಎಣಿಸಿ ಊರಿ," ಎಂದ ವಿಜೇತ್. ಆಮೇಲೆ ತೂಕ ಸರಿಹೋಯಿತು.

ಮೋಹಿನಿಯಕ್ಕನಿಗೆ ಬೇಕಾದದ್ದು ಒಂದೇ, ಪೇಟೆಯ ತನ್ನ ಜಾಗ. ವಾಕರ್ ಹಿಡಿದು ಬಸ್ಸು ಹತ್ತುವ ಹಾಗಿಲ್ಲ. ಬರೀ ಒಂದು ಕೋಲಾದರೆ ಆದೀತು. ಆರು ವಾರ ಕಳೆಯಿತು. ಎಕ್ಸ್‌ರೇ ನೋಡಿದ ಡಾಕ್ಟರು ಇನ್ನು ಪೂರ್ತಿ ಭಾರ ಹಾಕಬಹುದು ಎಂದರು.

ಮರುದಿನ ವಿಜೇತ್ ಮತ್ತೆ ಯಂತ್ರ ಇಟ್ಟ. "ಇವತ್ತು ಪೂರ್ತಿ ಭಾರ ಹಾಕಿದರೆ ನಾಳೆಯಿಂದ ಕೋಲು. ಇಲ್ಲದಿದ್ದರೆ ಇನ್ನೊಂದು ತಿಂಗಳು ವಾಕರೇ."

ಮೋಹಿನಿಯಕ್ಕ ಕಾಲೂರಿದರು. ಮುಳ್ಳು ಇಪ್ಪತ್ತಕ್ಕೆ ನಿಂತಿತು. ಹಲ್ಲು ಕಚ್ಚಿ ಮತ್ತೆ ಊರಿದರೂ ಅಷ್ಟೇ. ಹಣೆಯಲ್ಲಿ ಬೆವರು ಮೂಡಿತು. ಹೆದರಿಕೆ, ಬೇರೇನಲ್ಲ. ಆರು ವಾರ ಬೇಡ ಬೇಡ ಎಂದು ಕಾಪಾಡಿದ ಕಾಲನ್ನು ಒಂದೇ ದಿನದಲ್ಲಿ ನಂಬುವುದು ಹೇಗೆ?

"ನಿಮ್ಮ ತೂಕ ಐವತ್ತೆಂಟು. ಕೊಸರು ಹಾಳಾಗಲಿ, ಉಳಿದ ಮೂವತ್ತೆಂಟು ಎಲ್ಲಿ ಮೋಹಿನಿಯಕ್ಕ? ತೂಕದಲ್ಲಿ ಮೋಸ ಉಂಟಾ?"

ಆಡಬಾರದ ಮಾತು ಆಡಿಬಿಟ್ಟ ಪುಣ್ಯಾತ್ಮ. ಮೂವತ್ತನಾಲ್ಕು ವರ್ಷದಲ್ಲಿ ಅವರಿಗೆ ಹಾಗೆಂದವರಿಲ್ಲ.

"ಯಾರಿಗೆ ಹೇಳುದು ನೀನು?" ಎಂದವರೇ ವಾಕರಿನ ಮೇಲೆ ಬೆರಳ ತುದಿಯಷ್ಟೇ ಉಳಿಸಿ ಎಡಗಾಲು ಎತ್ತಿದರು. ಮುಳ್ಳು ಮೂವತ್ತು, ನಲವತ್ತು ದಾಟಿ ಐವತ್ತೆಂಟರ ಹತ್ತಿರ ಬಂದು ನಿಂತಿತು. ಸೊಂಟ ಅಲುಗಲಿಲ್ಲ. ನಮಿತಾಳ ಕಣ್ಣು ತುಂಬಿತು.

"ಸರಿ ಉಂಟಾ ತೂಕ?"

"ಸರಿ ಉಂಟು," ಎಂದ ವಿಜೇತ್, ಬಿದ್ದರೆ ಹಿಡಿಯಲು ಚಾಚಿದ ಕೈ ಚಾಚಿಕೊಂಡೇ. "ಇವತ್ತಿಗೆ ಇಷ್ಟು ಸಾಕು."

ಮೋಹಿನಿಯಕ್ಕ ಯಂತ್ರದಿಂದ ಇಳಿದರು. ವಾಕರನ್ನು ಪಕ್ಕಕ್ಕೆ ಸರಿಸಿ, ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟರು.

"ಇದು ಕೊಸರು," ಎಂದರು.